ಫಸ್ಟ್ ಗೇರ್ ಕೇಳಿದವಳು

ಕಳೆದ ಸೆಮ್ ರಜೆಯಲ್ಲಿ ಸಕಲೇಶಪುರದ ಹತ್ತಿರ ಇರುವ ಮಾವನ ಮನೆಗೆ ಹೋದಾಗ ಕಾರು ಕಲಿಯಲು ಶುರು ಮಾಡಿದೆ. ಗಾಡಿ ಮಾವನ ಹಳೇ ಮಾರುತಿ 800. ಮನೆ ಮುಂದಿನ ಬಯಲಲ್ಲಿ ಎರಡು ದಿನ ಚೆನ್ನಾಗೇ ಓಡಿಸಿದೆ. ಮೂರನೇ ದಿನ ಮಾವ ತೋಟದಿಂದ ಮೇಲಿನ ರಸ್ತೆಗೆ ಹತ್ತುವ ಏರಿನ ಮಧ್ಯದಲ್ಲಿ ಗಾಡಿ ನಿಲ್ಲಿಸಲು ಹೇಳಿ, ಈಗ ಹೊರಡು ಅಂದರು. ಕ್ಲಚ್ ಬಿಟ್ಟೆ. ಗಾಡಿ ಒಂದು ಸಲ ಕುಪ್ಪಳಿಸಿ ಆಫ್ ಆಯ್ತು. ಮತ್ತೆ ಕೀ ತಿರುಗಿಸಿದೆ, ಮತ್ತೆ ಆಫ್. ಹನ್ನೊಂದು ಸಲ ಹೀಗಾಯಿತು, ಲೆಕ್ಕ ಇಟ್ಟಿದ್ದು ಮಾವನ ಮಗಳು. ಹಿಂದೆ ಕಾಫಿ ಮೂಟೆ ತುಂಬಿಕೊಂಡು ಬಂದಿದ್ದ ಜೀಪಿನವರು ಹಾರ್ನ್ ಕೂಡ ಹೊಡೆಯಲಿಲ್ಲ. ಇಳಿದು ಬೀಡಿ ಹಚ್ಚಿಕೊಂಡು ನಿಂತುಬಿಟ್ಟರು. ಹಾರ್ನ್ ಹೊಡೆದಿದ್ದರೇ ವಾಸಿ ಅನ್ನಿಸಿತು.

ಮೆಕ್ಯಾನಿಕಲ್ ಓದೋರಿಗೆ ಕ್ಲಚ್ ಬರಲ್ವಾ ಅಂತ ಮನೆಯವರೆಲ್ಲ ಒಂದು ವಾರ ನಕ್ಕರು. ಆ ವಾರದಲ್ಲೇ, ಏರಿನಲ್ಲಿ ಕಾರು ನಿಲ್ಲಿಸಿಕೊಂಡು ಪೇಚಾಡಿದ ಮೊದಲ ಮನುಷ್ಯ ಯಾರಿರಬಹುದು ಅಂತ ಯೋಚನೆ ಬಂದು ಓದಲು ಕೂತೆ. ಹೆಚ್ಚುಕಮ್ಮಿ ಉತ್ತರ ಸಿಕ್ಕಿತು. ಜರ್ಮನಿಯ ಬರ್ತಾ ಬೆಂಜ್. ಹೆಸರು ನಿಮಗೆಲ್ಲ ಗೊತ್ತು. ಗಂಡನಿಗೆ ಹೇಳದೆ ಕಾರು ತೆಗೆದುಕೊಂಡು ತವರಿಗೆ ಹೋದವಳು, ಟೋಪಿಯ ಪಿನ್ನಿನಲ್ಲಿ ಪೆಟ್ರೋಲ್ ಪೈಪು ಚುಚ್ಚಿದವಳು ಅಂತ ಒಂದು ರೀಲಿನಲ್ಲಾದರೂ ನೋಡಿರ್ತೀರಿ. ಆ ಕಥೆ ನಿಜವೇ. ಆದರೆ ರೀಲು ಮುಗಿಯುವ ಜಾಗದಲ್ಲಿ ನನಗೆ ಬೇಕಾದ ವಿಷಯ ಶುರುವಾಗುತ್ತೆ. ಆಕೆ ವಾಪಸ್ ಬಂದಾಗ ಗಂಡನಿಗೆ ಒಂದು ದೂರು ತಂದಿದ್ದಳು.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ಚಿನ್ನದ ಒಡವೆ ಮಾಡುವುದಕ್ಕೆ ಹೆಸರಾದ ಊರು ಅದು. ಅಪ್ಪ ಕಾರ್ಲ್ ಫ್ರೀಡ್ರಿಕ್ ರಿಂಗರ್ ಮರಗೆಲಸದಿಂದ ಮೇಲೆ ಬಂದು ಮನೆ ಕಟ್ಟಿಸುವ ವ್ಯವಹಾರದಲ್ಲಿ ದುಡ್ಡು ಮಾಡಿದವನು. ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹುಟ್ಟಿದ ದಿನ ಬರೆದಿಡುವ ಪದ್ಧತಿ ಅವರಲ್ಲಿತ್ತು. ಬರ್ತಾ ಹುಟ್ಟಿದ ದಿನದ ಪಕ್ಕದಲ್ಲಿ, ಅಯ್ಯೋ ಈ ಸಲವೂ ಹೆಣ್ಣೇ ಅನ್ನುವ ಅರ್ಥದ ಒಂದು ಸಾಲು ಬರೆದಿತ್ತಂತೆ. ಹುಡುಗಿ ದೊಡ್ಡವಳಾದ ಮೇಲೆ ಅದನ್ನು ಓದಿದಳು ಅಂತ ಕಥೆ. ಜರ್ಮನಿಯ ಮಾತು ಬಿಡಿ, ಇದನ್ನು ಓದುವ ಎಷ್ಟು ಜನರ ಮನೆಯಲ್ಲಿ ಇಂಥ ಸಾಲು ಬರೆಯದೆಯೂ ಇದ್ದಿರಬಹುದು.

ಆದರೆ ಅಪ್ಪ ಮಗಳನ್ನು ಓದಿಸಿದ. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದುವಾಗ ಆಕೆಗೆ ವಿಜ್ಞಾನದ ಪಾಠಗಳೆಂದರೆ ಇಷ್ಟ. ಅಲ್ಲಿಂದ ಮುಂದಕ್ಕೆ ದಾರಿ ಇರಲಿಲ್ಲ. ಆ ಕಾಲದ ಜರ್ಮನಿಯಲ್ಲಿ ಹುಡುಗಿಯರನ್ನು ಯೂನಿವರ್ಸಿಟಿಗೆ ಸೇರಿಸಿಕೊಳ್ಳುತ್ತಿರಲಿಲ್ಲ.

1869ರಲ್ಲಿ ಒಂದು ಔಟಿಂಗ್‌ಗೆ ಹೋಗಿದ್ದಾಗ ಇವರ ಕುದುರೆ ಗಾಡಿಗೆ ಒಬ್ಬ ಯುವಕ ಹತ್ತಿದ. ಹೆಸರು ಕಾರ್ಲ್ ಬೆಂಜ್. ಅವನ ಅಪ್ಪ ರೈಲು ಇಂಜಿನ್ ಓಡಿಸುತ್ತಿದ್ದವನು, ಮಗನಿಗೆ ಎರಡು ವರ್ಷ ತುಂಬುವ ಮುಂಚೆಯೇ ತೀರಿಕೊಂಡಿದ್ದ. ಅಮ್ಮ ಕಷ್ಟಪಟ್ಟು ಓದಿಸಿದ್ದಳು. ಕಾರ್ಲ್ 15 ವರ್ಷಕ್ಕೆ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್ ಸೇರಿ 19ಕ್ಕೆ ಮುಗಿಸಿದ. ನನಗೆ ಈಗ 19, ನಾನಿನ್ನೂ ಮ್ಯಾಥ್ಸ್ ಬ್ಯಾಕ್ ಕ್ಲಿಯರ್ ಮಾಡುತ್ತಿದ್ದೇನೆ. ಇರಲಿ. ಆ ಗಾಡಿಯಲ್ಲಿ ಕಾರ್ಲ್, ಕುದುರೆ ಇಲ್ಲದೆ ತಾನಾಗೇ ಓಡುವ ಗಾಡಿಯ ಬಗ್ಗೆ ಮಾತಾಡಿದ, ಬರ್ತಾ ಕಿವಿಗೊಟ್ಟು ಕೇಳಿದಳು. ಅವನ ಕೈಯಲ್ಲಿ ಕಾಸಿರಲಿಲ್ಲ. ಅವಳ ಮನೆಯಲ್ಲಿ ಇತ್ತು.

1871ರಲ್ಲಿ ಕಾರ್ಲ್ ಮಾನ್‌ಹೈಮ್ ನಗರದಲ್ಲಿ ಆಗಸ್ಟ್ ರಿಟ್ಟರ್ ಅನ್ನುವವನ ಜೊತೆ ಸೇರಿ ಒಂದು ವರ್ಕ್‌ಶಾಪ್ ಹಾಕಿದ. ಮಾನ್‌ಹೈಮ್ ಬಗ್ಗೆ ಒಂದು ಮಾತು. ಆ ಊರಿನ ಹಳೇ ಭಾಗದಲ್ಲಿ ಬೀದಿಗಳಿಗಿಂತ ಬ್ಲಾಕುಗಳ ಹೆಸರು ಮುಖ್ಯ, ಒಂದು ಅಕ್ಷರ, ಒಂದು ನಂಬರ್. ನಮ್ಮ ಬೆಂಗಳೂರಿನ ಮೇನು, ಕ್ರಾಸು ಇದ್ದ ಹಾಗೆ. ಬೆಂಜ್ ವರ್ಕ್‌ಶಾಪಿನ ವಿಳಾಸ ಟಿ6, 11. ಪಾರ್ಟ್‌ನರ್ ನಂಬಿಕಸ್ಥನಲ್ಲ ಅಂತ ಬೇಗನೆ ಗೊತ್ತಾಯಿತು. ಅವನ ಪಾಲು ಕೊಟ್ಟು ಕಳಿಸಲು ಕಾರ್ಲ್ ಹತ್ತಿರ ದುಡ್ಡಿಲ್ಲ. ಆಗ ಬರ್ತಾ ಅಪ್ಪನನ್ನು ಒಪ್ಪಿಸಿ, ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ತರಿಸಿ ಕೊಟ್ಟಳು. ರಿಟ್ಟರ್ ಹೋದ. 1872ರ ಜುಲೈ 20ರಂದು ಮದುವೆ ಆಯಿತು.

ವರದಕ್ಷಿಣೆ ಅನ್ನುವ ಪದ ಬರೆಯುವಾಗ ನನಗೆ ಮುಜುಗರವಾಗುತ್ತೆ. ಇದನ್ನು ಪ್ರೇಮಕಥೆ ಅಂತ ಬರೆಯುವವರು ಈ ಭಾಗವನ್ನು ಸಿಹಿ ಮಾಡಿಬಿಡುತ್ತಾರೆ. ನನಗೆ ಕಾಣುವುದು ಬೇರೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಆ ಸ್ಟಾರ್ಟಪ್ಪಿನ ಮೊದಲ ಇನ್ವೆಸ್ಟರ್ ಬರ್ತಾ. ಆದರೆ ಮದುವೆಯಾದ ಹೆಂಗಸಿನ ಆಸ್ತಿಯನ್ನು ನಡೆಸುವ ಹಕ್ಕು ಆಗ ಗಂಡನದು. ಹಾಗಾಗಿ ಹಣ ಹಾಕಿದವಳ ಹೆಸರು ಬೋರ್ಡಿನ ಮೇಲೆ ಬರಲಿಲ್ಲ, ಮುಂದೆ ಪೇಟೆಂಟಿನ ಮೇಲೂ ಬರಲಿಲ್ಲ.

ಮುಂದಿನ ಏಳೆಂಟು ವರ್ಷ ಬರೀ ಸಾಲ. 1873ರಲ್ಲಿ ಯೂಗೆನ್ ಹುಟ್ಟಿದ, 1874ರಲ್ಲಿ ರಿಚರ್ಡ್, 1877ರಲ್ಲಿ ಮಗಳು ಕ್ಲಾರಾ. ವರ್ಕ್‌ಶಾಪಿನ ವ್ಯಾಪಾರ ಬಿದ್ದುಹೋಗಿ ಸಾಲ ಕೊಟ್ಟವರು ಬಾಗಿಲಿಗೆ ಬಂದಿದ್ದರು. ಆ ಹೊತ್ತಿನಲ್ಲಿ ಕಾರ್ಲ್ ಒಂದು ಗ್ಯಾಸ್ ಇಂಜಿನ್ ಹಿಂದೆ ಬಿದ್ದಿದ್ದ. ನಾಲ್ಕು ಸ್ಟ್ರೋಕ್ ಇಂಜಿನ್ನಿನ ಪೇಟೆಂಟು ನಿಕೊಲಾಸ್ ಓಟ್ಟೊ ಕೈಯಲ್ಲಿ ಇದ್ದದ್ದರಿಂದ ಇವನು ಎರಡು ಸ್ಟ್ರೋಕ್ ಇಂಜಿನ್ ಮಾಡಬೇಕಾಯಿತು. ತಿಂಗಳುಗಟ್ಟಲೆ ಅದು ಓಡಲೇ ಇಲ್ಲ. 1879ರ ಡಿಸೆಂಬರ್ 31ರ ರಾತ್ರಿ ಊಟ ಆದ ಮೇಲೆ ಬರ್ತಾ, ಇನ್ನೊಂದು ಸಲ ಹೋಗಿ ನೋಡೋಣ ಬಾ ಅಂತ ಗಂಡನನ್ನು ಎಬ್ಬಿಸಿಕೊಂಡು ವರ್ಕ್‌ಶಾಪಿಗೆ ಹೋದಳು. ಆ ರಾತ್ರಿ ಇಂಜಿನ್ ಓಡಿತು. ಊರಿನ ಗಂಟೆಗಳು ಹೊಸ ವರ್ಷಕ್ಕೆ ಬಾರಿಸುವವರೆಗೂ ಗಂಡ ಹೆಂಡತಿ ಅದರ ಸದ್ದು ಕೇಳುತ್ತಾ ನಿಂತಿದ್ದರಂತೆ. ಲ್ಯಾಬಿನಲ್ಲಿ ಸಂಜೆ ಐದಕ್ಕೆ ಬ್ಯಾಗು ಎತ್ತಿಕೊಂಡು ಓಡುವ ನಮಗೆ ಇದು ಅರ್ಥವಾಗಲು ಸ್ವಲ್ಪ ಕಷ್ಟ.

1883ರಲ್ಲಿ ಹೊಸ ಪಾಲುದಾರರ ಜೊತೆ ಬೆಂಜ್ ಕಂಪನಿ ಶುರುವಾಯಿತು. ಗ್ಯಾಸ್ ಇಂಜಿನ್ ಮಾರಿ ಬಂದ ಲಾಭದಲ್ಲಿ ಕಾರ್ಲ್ ತನ್ನ ಹಳೇ ಕನಸನ್ನು ತೆಗೆದ. 1885ರಲ್ಲಿ ಮೂರು ಚಕ್ರದ ಗಾಡಿ ತಯಾರಾಯಿತು, 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ, ನಂಬರ್ 37435. ಮೊದಮೊದಲ ಓಟವೊಂದರಲ್ಲಿ ಈ ಗಾಡಿ ಕಾಂಪೌಂಡ್ ಗೋಡೆಗೆ ಹೋಗಿ ಗುದ್ದಿತು. ಇದನ್ನು ಓದಿದಾಗ ನನಗಾದ ಸಮಾಧಾನ ಹೇಳತೀರದು. ಕಾರನ್ನು ಕಂಡುಹಿಡಿದವನೇ ಗೋಡೆಗೆ ಗುದ್ದಿದ್ದಾನೆ!

ಈಗ ಆ ಗಾಡಿಯನ್ನು ಓಡಿಸುವುದು ಹೇಗೆ ಅಂತ ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಬರ್ತಾಳ ದೂರು ಅರ್ಥ ಆಗಲ್ಲ.

ಇಂಜಿನ್ ಸೀಟಿನ ಹಿಂದೆ ಇತ್ತು, ಒಂದೇ ಸಿಲಿಂಡರ್, ಅಡ್ಡ ಮಲಗಿಸಿದ್ದು. ಅದರ ದೊಡ್ಡ ಫ್ಲೈವೀಲ್ ಬೀಸುವ ಕಲ್ಲಿನ ಹಾಗೆ ನೆಲಕ್ಕೆ ಸಮಾನಾಂತರವಾಗಿ ತಿರುಗುತ್ತಿತ್ತು. ನಿಲ್ಲಿಸಿ ಕೂರಿಸಿದರೆ ಗಾಡಿ ತಿರುಗಿಸುವಾಗ ಜೈರೊಸ್ಕೋಪಿನ ಹಾಗೆ ಅಡ್ಡಿ ಮಾಡುತ್ತೆ ಅಂತ ಕಾರ್ಲ್‌ಗೆ ಭಯ. ಸ್ಟಾರ್ಟ್ ಮಾಡಲು ಕೀ ಇಲ್ಲ, ಸೆಲ್ಫ್ ಇಲ್ಲ. ಹಿಂದೆ ಹೋಗಿ ಆ ಫ್ಲೈವೀಲನ್ನು ಕೈಯಲ್ಲಿ ಹಿಡಿದು ಜೋರಾಗಿ ತಿರುಗಿಸಬೇಕು. ಅಂದರೆ ಆಫ್ ಆದಾಗಲೆಲ್ಲ ಇಳಿಯಬೇಕು, ಹಿಂದೆ ಹೋಗಬೇಕು, ಬೀಸಬೇಕು. ನನ್ನ ಹನ್ನೊಂದು ಸಲವನ್ನು ಆ ಗಾಡಿಯಲ್ಲಿ ಕಲ್ಪಿಸಿಕೊಂಡು ನೋಡಿದೆ, ಭುಜ ನೋವು ಬಂತು.

ಕ್ಲಚ್ ಪೆಡಲ್ಲೂ ಇಲ್ಲ. ಬದಲಿಗೆ ಚರ್ಮದ ಬೆಲ್ಟು. ಇಂಜಿನ್ನಿನಿಂದ ಬಂದ ಬೆಲ್ಟು ಒಂದು ಅಡ್ಡ ಶಾಫ್ಟಿನ ಮೇಲಿನ ಪುಲ್ಲಿಗಳನ್ನು ಸುತ್ತುತ್ತೆ, ಆ ಶಾಫ್ಟಿನಿಂದ ಎರಡು ಚೈನುಗಳು ಹಿಂದಿನ ಚಕ್ರಗಳಿಗೆ ಹೋಗುತ್ತವೆ. ಪುಲ್ಲಿಗಳಲ್ಲಿ ಒಂದು ಶಾಫ್ಟಿಗೆ ಬಿಗಿದದ್ದು, ಇನ್ನೊಂದು ಶಾಫ್ಟಿನ ಮೇಲೆ ಸುಮ್ಮನೆ ತಿರುಗುವಂಥದ್ದು. ನಮ್ಮ ಸೀನಿಯರ್‌ಗಳು ಬೆಲ್ಟ್ ಡ್ರೈವ್ ಪಾಠದಲ್ಲಿ ಫಾಸ್ಟ್ ಅಂಡ್ ಲೂಸ್ ಪುಲ್ಲಿ ಅಂತ ಚಿತ್ರ ಬರೆದು ಐದು ಮಾರ್ಕ್ಸ್ ತೆಗೆದರಲ್ಲ, ಅದೇ. ಬೆಲ್ಟು ಲೂಸ್ ಪುಲ್ಲಿ ಮೇಲಿದ್ದರೆ ಇಂಜಿನ್ ಓಡುತ್ತೆ, ಗಾಡಿ ನಿಂತಿರುತ್ತೆ, ಅದೇ ನ್ಯೂಟ್ರಲ್. ಎಡಗಡೆಯ ಲಿವರನ್ನು ಮುಂದಕ್ಕೆ ತಳ್ಳಿದರೆ ಬೆಲ್ಟು ನಿಧಾನಕ್ಕೆ ಬಿಗಿ ಪುಲ್ಲಿಯ ಮೇಲೆ ಸರಿಯುತ್ತೆ. ಅರ್ಧ ಸರಿದಾಗ ಬೆಲ್ಟು ಜಾರುತ್ತಾ ಜಾರುತ್ತಾ ಗಾಡಿಯನ್ನು ಎಳೆಯುತ್ತೆ. ನಮ್ಮ ಡ್ರೈವಿಂಗ್ ಸ್ಕೂಲಿನವರು ಹಾಫ್ ಕ್ಲಚ್ ಅನ್ನುವುದು ಇದನ್ನೇ. ಲಿವರನ್ನು ಹಿಂದಕ್ಕೆ ಎಳೆದರೆ ಬೆಲ್ಟು ಬಿಡುತ್ತೆ, ಬ್ರೇಕ್ ಹಿಡಿಯುತ್ತೆ. ಒಂದೇ ಲಿವರಿನಲ್ಲಿ ಕ್ಲಚ್ಚು, ಬ್ರೇಕು ಎರಡೂ. ತಿರುಗಿಸಲು ಮುಂದಿನ ಒಂಟಿ ಚಕ್ರಕ್ಕೆ ಜೋಡಿಸಿದ ಒಂದು ಸಣ್ಣ ಹಿಡಿ, ಅಷ್ಟೇ.

ಬರ್ತಾ ಓಡಿಸಿದ್ದು ಮೂರನೇ ಮಾಡೆಲ್. ಸುಮಾರು ಎರಡೂವರೆ ಎಚ್‌ಪಿ, ಎರಡು ಗೇರು, ಗಂಟೆಗೆ 16 ಕಿಲೋಮೀಟರ್ ಹತ್ತಿರ ಹತ್ತಿರ ವೇಗ.

ಇಂಥ ಗಾಡಿ ತಯಾರಾಗಿ ಎರಡು ವರ್ಷ ಕಳೆದಿದ್ದರೂ ಕೊಳ್ಳುವವರಿಲ್ಲ. ಕುದುರೆ ಹೆದರುತ್ತೆ, ವಾಸನೆ, ಸದ್ದು ಅಂತ ಊರಿನವರ ದೂರು ಬೇರೆ. ಕಾರ್ಲ್ ಒಳ್ಳೆ ಇಂಜಿನಿಯರ್, ಆದರೆ ಮಾರುವವನಲ್ಲ. ಇನ್ನೂ ಸರಿ ಮಾಡಬೇಕು, ಇನ್ನೂ ಸರಿ ಮಾಡಬೇಕು ಅಂತ ವರ್ಕ್‌ಶಾಪಿನಲ್ಲೇ ಇರುವವನು. ಪ್ರಾಜೆಕ್ಟ್ ಟೀಮಿನಲ್ಲಿ ಇಂಥವರೊಬ್ಬರು ನಿಮಗೂ ಸಿಕ್ಕಿರ್ತಾರೆ. ಡೆಮೊ ದಿನ ಬಂದರೂ ಕೋಡ್ ಕಮಿಟ್ ಮಾಡಲ್ಲ. 1888ರ ಆಗಸ್ಟ್ 1ರಂದು ಸರ್ಕಾರ ಅವನಿಗೆ ಗಾಡಿ ಓಡಿಸಲು ಲಿಖಿತ ಅನುಮತಿ ಕೊಟ್ಟಿತು. ಪ್ರಪಂಚದ ಮೊದಲ ಡ್ರೈವಿಂಗ್ ಲೈಸೆನ್ಸ್ ಅಂತ ಈಗ ಅದನ್ನು ಕರೆಯುತ್ತಾರೆ. ಅನುಮತಿ ಇದ್ದದ್ದು ಮಾನ್‌ಹೈಮ್ ಮತ್ತು ಅಕ್ಕಪಕ್ಕದ ಊರುಗಳಿಗೆ ಮಾತ್ರ, ಅದೂ ಕಾರ್ಲ್ ಹೆಸರಿಗೆ.

ಅದಾಗಿ ಕೆಲವೇ ದಿನಕ್ಕೆ, ಸ್ಕೂಲಿಗೆ ಬೇಸಿಗೆ ರಜೆ ಇದ್ದ ಆ ಆಗಸ್ಟಿನ ಒಂದು ಬೆಳಗಿನ ಜಾವ, ಗಂಡ ಮಲಗಿದ್ದಾಗ ಬರ್ತಾ 15 ವರ್ಷದ ಯೂಗೆನ್, 13 ವರ್ಷದ ರಿಚರ್ಡ್ ಇಬ್ಬರನ್ನೂ ಕರೆದುಕೊಂಡು ಗಾಡಿಯನ್ನು ಹೊರಗೆ ತೆಗೆದಳು. ಹೊರಟಿದ್ದು ತವರಿಗೆ, ಫೋರ್ಟ್ಸ್‌ಹೈಮ್‌ಗೆ. ಸುಮಾರು 106 ಕಿಲೋಮೀಟರ್. ಬೆಂಗಳೂರಿನಿಂದ ಮಂಡ್ಯಕ್ಕೆ ಹೋದ ಹಾಗೆ. ಅಲ್ಲಿಯವರೆಗೆ ಯಾರೂ ಇಂಥ ಗಾಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಲೈಸೆನ್ಸ್ ಇಲ್ಲ, ಎಲ್ಎಲ್ ಇಲ್ಲ, ಪರ್ಮಿಟ್ಟಿನ ಗಡಿ ಬೆಳಗಿನ ತಿಂಡಿಯ ಹೊತ್ತಿಗೇ ದಾಟಿಹೋಗಿರಬೇಕು.

ರಸ್ತೆ ಅಂದರೆ ಎತ್ತಿನ ಗಾಡಿ, ಕುದುರೆ ಗಾಡಿ ಓಡಾಡುವ ದಾರಿ. ಅಂಥ ದಾರಿಯಲ್ಲಿ ಎರಡು ಚಕ್ರದ ಜಾಡು ಇರುತ್ತೆ, ನಡುವೆ ಕಲ್ಲು, ಮಣ್ಣು, ಗೊರಸಿನ ಗುಂಡಿ. ಮೂರು ಚಕ್ರದ ಗಾಡಿಯ ಮುಂದಿನ ಚಕ್ರ ಸರಿಯಾಗಿ ಆ ನಡುವೆಯೇ ಹೋಗಬೇಕು. ಇದು ನನಗೆ ನಮ್ಮ ತೋಟದ ದಾರಿ ನೋಡಿದ ಮೇಲೆ ಹೊಳೆದದ್ದು.

ಹೈಡೆಲ್‌ಬರ್ಗ್ ದಾಟಿ ವೀಸ್‌ಲೋಖ್ ಅನ್ನುವ ಸಣ್ಣ ಊರಿಗೆ ಬರುವ ಹೊತ್ತಿಗೆ ಇಂಧನ ತಳ ಕಂಡಿತ್ತು. ಪೆಟ್ರೋಲ್ ಟ್ಯಾಂಕ್ ಅಂತ ಬೇರೆ ಇರಲಿಲ್ಲ, ಕಾರ್ಬ್ಯುರೇಟರ್‌ನಲ್ಲೇ 4.5 ಲೀಟರ್ ಹಿಡಿಯುತ್ತಿತ್ತು. ಬಂಕು ಅನ್ನುವ ವಸ್ತುವೇ ಭೂಮಿ ಮೇಲೆ ಇಲ್ಲದ ಕಾಲ. ಈ ಇಂಜಿನ್ ಕುಡಿಯುತ್ತಿದ್ದದ್ದು ಲಿಗ್ರೊಯಿನ್ ಅನ್ನುವ ಪೆಟ್ರೋಲಿಯಂ ದ್ರಾವಣ, ಬಟ್ಟೆಯ ಕಲೆ ತೆಗೆಯಲು ಔಷಧಿ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಮಾರುವಂಥದ್ದು. ಬರ್ತಾ ನೇರ ಊರಿನ ಔಷಧಿ ಅಂಗಡಿಗೆ ಹೋಗಿ ಇದ್ದದ್ದನ್ನೆಲ್ಲ ಕೊಂಡಳು. ಅಂಗಡಿಯವನ ಹೆಸರು ವಿಲ್ಲಿ ಓಕೆಲ್. ಪಾಪ, ಒಂದು ಹೆಂಗಸಿಗೆ ಇಷ್ಟೊಂದು ಕಲೆ ತೆಗೆಯಬೇಕಾಗಿದೆಯಾ ಅಂತ ಅವನು ತಲೆ ಕೆರೆದುಕೊಂಡಿರಬಹುದು. ಈಗ ಆ ಅಂಗಡಿಯನ್ನು ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಅಂತ ತೋರಿಸುತ್ತಾರೆ.

ನೀರಿನ ಕಾಟ ಇನ್ನೊಂದು. ರೇಡಿಯೇಟರ್ ಇಲ್ಲ, ನೀರು ಕುದ್ದು ಆವಿಯಾಗಿ ಹೋಗುವುದರಿಂದಲೇ ಇಂಜಿನ್ ತಣ್ಣಗಾಗಬೇಕು. ಹಾಗಾಗಿ ಸಿಕ್ಕ ಸಿಕ್ಕ ಬಾವಿ, ಹೋಟೆಲು, ಹೊಂಡದ ಹತ್ತಿರ ನಿಂತು ನೀರು ತುಂಬಿದರು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ ಹೊರಬಂತು. ಇಗ್ನಿಷನ್ ವೈರು ಉಜ್ಜಿ ಶಾರ್ಟ್ ಆಗುತ್ತಿದ್ದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನು ಬಿಚ್ಚಿ ಇನ್ಸುಲೇಷನ್ ಮಾಡಿದಳು. ಬ್ರುಖ್‌ಸಾಲ್‌ನಲ್ಲಿ ಕಮ್ಮಾರನೊಬ್ಬ ಚೈನು ಸರಿಮಾಡಿಕೊಟ್ಟ. ಇಳಿಜಾರುಗಳಲ್ಲಿ ಮರದ ಬ್ರೇಕ್ ಕಟ್ಟೆ ಸವೆದುಹೋದಾಗ ಒಬ್ಬ ಚಮ್ಮಾರನ ಹತ್ತಿರ ಹೋಗಿ ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗ್ ಅನ್ನುವ ವಸ್ತುವಿನ ಕಥೆ ಅಲ್ಲಿಂದ ಶುರು ಅಂತ ಹೇಳುತ್ತಾರೆ. ಚಪ್ಪಲಿ ಹೊಲಿಯುವವನ ಕೈಯಲ್ಲಿ!

ಇವೆಲ್ಲ ರಿಪೇರಿ ಆಯ್ತು. ರಿಪೇರಿ ಮಾಡಲು ಆಗದ ಒಂದು ವಿಷಯ ಉಳಿಯಿತು. ದಾರಿ ದಕ್ಷಿಣಕ್ಕೆ ಹೋಗಿ ಬ್ಲ್ಯಾಕ್ ಫಾರೆಸ್ಟಿನ ಅಂಚಿನ ಗುಡ್ಡಗಳಿಗೆ ತಿರುಗಿದಾಗ ಗಾಡಿ ಏರು ಹತ್ತಲಿಲ್ಲ. ಬೆಲ್ಟು ಸರಿಯಿತ್ತು, ಇಂಧನ ಇತ್ತು, ಕಿಡಿ ಬರುತ್ತಿತ್ತು. ಆದರೂ ಇಂಜಿನ್ ಮುಕ್ಕರಿದು ಮುಕ್ಕರಿದು ನಿಲ್ಲುವ ಹಂತಕ್ಕೆ ಬರುತ್ತಿತ್ತು. ಇಳಿದು ತಳ್ಳಬೇಕಾಯಿತು.

ಯಾಕೆ ಹತ್ತಲಿಲ್ಲ ಅಂತ ನಾನು ನೋಟ್‌ಬುಕ್ಕಿನ ಹಿಂದೆ ಒಂದು ಲೆಕ್ಕ ಹಾಕಿದೆ. ತೂಕ ನನ್ನ ಅಂದಾಜು, ಬೇಕಾದರೆ ನೀವು ಬದಲಾಯಿಸಿಕೊಳ್ಳಿ. ಗಾಡಿ, ಮೂರು ಜನ ಎಲ್ಲ ಸೇರಿ 500 ಕೆಜಿ ಅಂದುಕೊಳ್ಳೋಣ. ಹತ್ತಕ್ಕೆ ಒಂದರ ಏರು. ಗುರುತ್ವವೊಂದೇ ಹಿಂದಕ್ಕೆ ಸುಮಾರು 490 ನ್ಯೂಟನ್ ಎಳೆಯುತ್ತೆ, ಕಲ್ಲುಮಣ್ಣಿನ ರಸ್ತೆಯ ಉಜ್ಜುವಿಕೆ ಸೇರಿಸಿದರೆ 600 ದಾಟುತ್ತೆ. ಎರಡೂವರೆ ಎಚ್‌ಪಿ ಅಂದರೆ ಸುಮಾರು 1840 ವ್ಯಾಟ್. ಭಾಗಿಸಿ ನೋಡಿ. ಬೆಲ್ಟು, ಚೈನು ಏನನ್ನೂ ತಿನ್ನದೆ ಎಲ್ಲ ಶಕ್ತಿಯೂ ಚಕ್ರಕ್ಕೆ ಹೋದರೂ ಸೆಕೆಂಡಿಗೆ 3 ಮೀಟರ್, ಗಂಟೆಗೆ 11 ಕಿಲೋಮೀಟರ್. ಮೂರನೇ ಒಂದು ಭಾಗ ದಾರಿಯಲ್ಲೇ ಹೋಯಿತು ಅಂದರೆ 7 ಕಿಲೋಮೀಟರ್. ಹಾಗಾದರೆ ನಿಧಾನಕ್ಕೆ ಹತ್ತಬಹುದಿತ್ತಲ್ಲ ಅಂತ ನೀವು ಕೇಳಬಹುದು. ತೊಂದರೆ ಇರುವುದು ಅಲ್ಲೇ. ಇಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ತನ್ನ ಆರ್‌ಪಿಎಂನಲ್ಲಿ ತಿರುಗಿದಾಗ ಮಾತ್ರ. ಕೆಳಗಿನ ಗೇರಿನಲ್ಲೂ ಆ ಆರ್‌ಪಿಎಂಗೆ ಗಾಡಿ 7 ಕಿಲೋಮೀಟರಿಗಿಂತ ಜೋರಾಗಿ ಹೋಗಲೇಬೇಕು ಅಂತಿದ್ದರೆ, ಏರು ಅದಕ್ಕೆ ಬಿಡುವುದಿಲ್ಲ. ಗಾಡಿ ನಿಧಾನ ಆಯಿತು, ಗಾಡಿಗೆ ಕಟ್ಟಿಕೊಂಡ ಇಂಜಿನ್ನೂ ನಿಧಾನ ಆಯಿತು, ನಿಧಾನ ಆದ ಇಂಜಿನ್ನಿಗೆ ಶಕ್ತಿ ಇನ್ನೂ ಕಮ್ಮಿ, ಗಾಡಿ ಇನ್ನೂ ನಿಧಾನ. ಕೊನೆಗೆ ಆಫ್. ಸಕಲೇಶಪುರದ ಏರಿನಲ್ಲಿ ನಾನು ಕ್ಲಚ್ಚನ್ನು ದಢಕ್ಕನೆ ಬಿಟ್ಟು ಹನ್ನೊಂದು ಸಲ ಮಾಡಿದ್ದೂ ಇದನ್ನೇ, ಅರ್ಧ ಸೆಕೆಂಡಿನಲ್ಲಿ.

ವ್ಯತ್ಯಾಸ ಏನೆಂದರೆ ನನ್ನ ಮಾರುತಿಯಲ್ಲಿ ಏರಿಗೆ ಅಂತಲೇ ಒಂದು ಗೇರ್ ಇದೆ. ಬರ್ತಾಳ ಗಾಡಿಯಲ್ಲಿ ಇರಲಿಲ್ಲ. ನನ್ನ ಕೈಯಲ್ಲಿ ಆಫ್ ಆದದ್ದು ನನ್ನ ತಪ್ಪು. ಅವಳ ಗಾಡಿ ಮುಕ್ಕರಿದದ್ದು ಡಿಸೈನಿನ ತಪ್ಪು. ಅವಳು ಇದನ್ನು ಗುರುತಿಸಿದಳಲ್ಲ, ನನಗೆ ಅದು ಪಿನ್ನು, ಪಟ್ಟಿಗಿಂತ ದೊಡ್ಡದಾಗಿ ಕಾಣುತ್ತೆ. ಹೊಸ ಯಂತ್ರವೊಂದು ಕೈಕೊಟ್ಟಾಗ ನನಗೆ ಓಡಿಸಲು ಬರುವುದಿಲ್ಲವೇನೋ ಅಂತ ಅಂದುಕೊಳ್ಳುವುದು ಸುಲಭ. ಅವಳನ್ನು ಆ ಕಾಲದಲ್ಲಿ ನೋಡಿದವರೂ ಹಾಗೇ ಅಂದಿರುತ್ತಾರೆ, ಹೆಂಗಸು ಬೇರೆ. ಅವಳು ಹಾಗೆ ಅಂದುಕೊಳ್ಳಲಿಲ್ಲ.

ಮುಸ್ಸಂಜೆಯ ಹೊತ್ತಿಗೆ ಮೂವರೂ ಧೂಳು ಮೆತ್ತಿಕೊಂಡು ಫೋರ್ಟ್ಸ್‌ಹೈಮ್ ಸೇರಿದರು. ಬರ್ತಾ ಗಂಡನಿಗೆ ಟೆಲಿಗ್ರಾಂ ಕಳಿಸಿದಳು. ಕೆಲವು ದಿನ ತವರಿನಲ್ಲಿದ್ದು ಬೇರೆ ದಾರಿಯಲ್ಲಿ ಗಾಡಿ ಓಡಿಸಿಕೊಂಡೇ ವಾಪಸ್ ಬಂದರು. ದಾರಿಯುದ್ದಕ್ಕೂ ಜನ ನೋಡಿದ್ದರು, ಕೆಲವರು ಹೆದರಿದ್ದರು, ಸುದ್ದಿ ಹರಡಿತ್ತು. ಮಾರಾಟಕ್ಕೆ ಅದು ಬೇಕಾಗಿತ್ತು ಅನ್ನುವುದು ಬರ್ತಾಗೆ ಗೊತ್ತಿತ್ತು. ಆದರೆ ಕಾರ್ಲ್‌ಗೆ ಆಕೆ ಕೊಟ್ಟದ್ದು ಹೊಗಳಿಕೆಯ ಸುದ್ದಿ ಒಂದನ್ನೇ ಅಲ್ಲ. ಬ್ರೇಕಿಗೆ ಚರ್ಮ ಹಾಕು, ಏರು ಹತ್ತಲು ಇನ್ನೂ ಒಂದು ಗೇರ್ ಹಾಕು. ಕಾರ್ಲ್ ಹಾಕಿದ. ಇದ್ದ ಎರಡರ ಕೆಳಗೆ ಮೂರನೆಯದು ಬಂತು, ಗಾಡಿ ನಡಿಗೆಯ ವೇಗದಲ್ಲಿ ಹೋಗುತ್ತಿದ್ದರೂ ಇಂಜಿನ್ ತನ್ನ ಪಾಡಿಗೆ ಪೂರ್ತಿ ತಿರುಗಬಹುದಾದ ಗೇರ್. ಹುಟ್ಟಿದ್ದು ಮೂರನೆಯದಾಗಿ, ಆದರೆ ಅಂಥ ಗೇರಿಗೆ ಇವತ್ತು ನಾವು ಕೊಟ್ಟಿರುವ ನಂಬರ್ ಒಂದು.

ಇಲ್ಲಿ ಒಂದು ಸಂಗತಿ ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಆಟೊಮೊಬೈಲ್ ಕ್ಲಬ್ಬಿನವರು ನನ್ನನ್ನು ಬಿಡಲ್ಲ. ಇವತ್ತಿನ ಮ್ಯಾನ್ಯುವಲ್ ಗೇರ್‌ಬಾಕ್ಸ್ ಬೆಂಜ್ ಬೆಲ್ಟಿನ ಮಗುವಲ್ಲ. ಹಲ್ಲಿನ ಚಕ್ರಗಳನ್ನು ಸರಿಸಿ ಕೂರಿಸುವ ಪದ್ಧತಿ ತಂದದ್ದು ಫ್ರಾನ್ಸಿನ ಎಮಿಲ್ ಲೆವಾಸೊರ್, 1890ರ ದಶಕದ ಮೊದಲಲ್ಲಿ. ಕರಕರ ಸದ್ದಿಲ್ಲದೆ ಗೇರ್ ಬೀಳುವಂತೆ ಮಾಡಿದ ಸಿಂಕ್ರೊಮೆಶ್ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಬರ್ತಾ ಗೇರ್‌ಬಾಕ್ಸ್ ಕಂಡುಹಿಡಿಯಲಿಲ್ಲ. ಏರಿಗೆ ಬೇರೆ ಗೇರ್ ಬೇಕು ಅಂತ ನಿಜವಾದ ರಸ್ತೆಯಲ್ಲಿ ನಿಂತು ಕಂಡುಕೊಂಡಳು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. ತಕ್ಷಣ ಜನ ಮುಗಿಬಿದ್ದು ಕೊಂಡರು ಅಂತೇನಿಲ್ಲ. ಮೂರು ಚಕ್ರದ ಆ ಗಾಡಿಗಳು ಒಟ್ಟು ಸುಮಾರು 25 ಮಾತ್ರ ತಯಾರಾದವು. 1890ರಲ್ಲಿ ಬರ್ತಾಗೆ ಐದನೇ ಮಗು ಎಲ್ಲೆನ್ ಹುಟ್ಟಿದಳು, ನಡುವೆ 1882ರಲ್ಲಿ ಹುಟ್ಟಿದ ಟಿಲ್ಡೆ ಇದ್ದಳು. 1894ರಲ್ಲಿ ವೆಲೊ ಅನ್ನುವ ಸಣ್ಣ ಕಾರು ಬಂದ ಮೇಲೆ ವ್ಯಾಪಾರ ಏರಿತು. 1899ರಲ್ಲಿ ಒಂದೇ ವರ್ಷಕ್ಕೆ 572 ಕಾರು ಮಾಡಿದ ಬೆಂಜ್ ಕಂಪನಿ ಪ್ರಪಂಚದಲ್ಲೇ ದೊಡ್ಡ ಕಾರು ಕಂಪನಿಯಾಗಿತ್ತು.

ಆ ಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1903ರಲ್ಲಿ ಹೊಸ ಡಿಸೈನ್ ವಿಷಯಕ್ಕೆ ಮನಸ್ತಾಪವಾಗಿ ಕಾರ್ಲ್ ತನ್ನ ಕಂಪನಿಯ ದಿನದ ಕೆಲಸದಿಂದ ಹೊರಬಂದ. 1906ರಲ್ಲಿ ಮಾನ್‌ಹೈಮ್ ಹತ್ತಿರದ ಲಾಡೆನ್‌ಬರ್ಗ್‌ನಲ್ಲಿ ಮಕ್ಕಳ ಜೊತೆ ಇನ್ನೊಂದು ಕಂಪನಿ ಮಾಡಿದ, ಕುಟುಂಬ ಅಲ್ಲೇ ನೆಲೆಸಿತು. 1925ರಲ್ಲಿ ಆತ್ಮಕಥೆ ಬರೆದಾಗ, ಎಲ್ಲರೂ ಕೈಬಿಟ್ಟ ದಿನಗಳಲ್ಲಿ ಮುಳುಗುವ ದೋಣಿಯಲ್ಲಿ ತನ್ನ ಜೊತೆ ಉಳಿದದ್ದು ಹೆಂಡತಿ ಒಬ್ಬಳೇ ಅಂತ ಬರೆದುಕೊಂಡ. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಒಂದಾದವು. 1929ರ ಏಪ್ರಿಲ್ 4ರಂದು ಕಾರ್ಲ್ ತೀರಿಕೊಂಡ.

ಬರ್ತಾ ಇನ್ನೂ 15 ವರ್ಷ ಬದುಕಿದ್ದಳು, ಲಾಡೆನ್‌ಬರ್ಗ್‌ನ ಅದೇ ಮನೆಯಲ್ಲಿ. ತಾನು ತಳ್ಳಿಸಿಕೊಂಡು ಹೋದ ಗಾಡಿಯ ಮೊಮ್ಮಕ್ಕಳು ದೇಶದ ತುಂಬ ಓಡಾಡುವುದನ್ನು ನೋಡಿದಳು. ಎರಡು ಮಹಾಯುದ್ಧಗಳನ್ನೂ ನೋಡಿದಳು, ಎರಡನೆಯದರಲ್ಲಿ ಮಾನ್‌ಹೈಮ್ ಬಾಂಬಿಗೆ ಸಿಕ್ಕಿ ಉರಿಯಿತು. 1944ರ ಮೇ 3ರಂದು ಆಕೆಗೆ 95 ತುಂಬಿತು. ಆ ದಿನ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ, ಅಂದರೆ 80 ವರ್ಷದ ಹಿಂದೆ ಕಾರ್ಲ್ ಓದಿ ಹೊರಬಂದ ಅದೇ ಕಾಲೇಜು, ಆಕೆಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಆಕೆಯ ವಯಸ್ಸಿನಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯದಿದ್ದ ಕಾಲೇಜು. ಎರಡು ದಿನ ಆದ ಮೇಲೆ, ಮೇ 5ರಂದು, ಬರ್ತಾ ತೀರಿಕೊಂಡಳು.

2008ರಿಂದ ಆಕೆ ಹೋಗಿ ಬಂದ ದಾರಿಗೆ ಬೋರ್ಡುಗಳಿವೆ, ಬರ್ತಾ ಬೆಂಜ್ ಸ್ಮಾರಕ ಮಾರ್ಗ ಅಂತ, ಹೋಗಿಬರಲು ಒಟ್ಟು 194 ಕಿಲೋಮೀಟರ್. ವೀಸ್‌ಲೋಖ್‌ನ ಔಷಧಿ ಅಂಗಡಿಯ ಮುಂದೆ ಅದರ ನೆನಪಿಗೆ ಒಂದು ಶಿಲ್ಪವೂ ಇದೆ.

ನಾನು ಮತ್ತೆ ಆ ಏರಿಗೆ ಹೋದೆ. ಈ ಸಲ ಕ್ಲಚ್ಚನ್ನು ಅರ್ಧಕ್ಕೆ ತಂದು, ಗಾಡಿಯ ಮೂತಿ ಸ್ವಲ್ಪ ಏಳುವವರೆಗೆ ಕಾದು, ಆಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟೆ. ಬೆಲ್ಟು ಲೂಸ್ ಪುಲ್ಲಿಯಿಂದ ಬಿಗಿ ಪುಲ್ಲಿಗೆ ಜಾರುವುದನ್ನು ಮನಸ್ಸಿನಲ್ಲಿ ನೋಡಿಕೊಂಡೇ ಬಿಟ್ಟೆ. ಎರಡು ಸಲ ಆಫ್ ಆಯ್ತು, ಮೂರನೇ ಸಲ ಹತ್ತಿತು. ಮುಂದಿನ ತಿಂಗಳು ಟೆಸ್ಟು ಇದೆ.